ಒಂದೇ ಸೂರು, ಎರಡು ಒಲೆ: ಕ್ಲಾರಾ ರಾಕ್‌ಮೋರ್ ನೆನಪಿಗೆ ನಾನು ಕಟ್ಟಿದ ತೆರಮಿನ್

ಕಳೆದ ಮೇ 10ರ ಸಂಜೆ, ಶಿರಸಿ ಹತ್ತಿರದ ನಮ್ಮ ಭಾವನ ಮನೆ ಜಗಲಿಯಲ್ಲಿ ಕೂತು ಒಂದು ತಾಸಿನ ಮೇಲೆ ತೆರಮಿನ್ ನುಡಿಸಿದೆ. ಮುಟ್ಟದೆ, ಆಂಟೆನಾ ರಾಡಿನ ಎದುರು ಗಾಳಿಯಲ್ಲಿ ಕೈ ಆಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ ಅದು, ಒಂದು ಕೈ ಸ್ವರಕ್ಕೆ, ಎಡಗೈ ಸದ್ದಿನ ಏರಿಳಿತಕ್ಕೆ. ನಡುವೆ ಮಳೆ ಬಂತು, ಕರೆಂಟ್ ಹೋಯಿತು. ಜನ ಒತ್ತಿ ಬಂದಾಗ ಒಂದು ಕ್ಷಣ ಏರಿದ್ದು ಬಿಟ್ಟರೆ ಶ್ರುತಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ನಮ್ಮ ಹವೆಗೆ ಈ ವಾದ್ಯ ನಿಲ್ಲೂದಿಲ್ಲ, ಸುಮ್ನೆ ದುಡ್ಡು ಹಾಳು" ಎಂದು ನಾಲ್ಕು ವರ್ಷ ನನ್ನ ಅಂಗಡಿ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತ ಹೇಳಿದವರೆಲ್ಲ ಇದನ್ನು ಓದುವವರೇ.

ನನ್ನದು ರೇಡಿಯೋ, ಟೀವಿ, ಈಗ ಹೆಚ್ಚಾಗಿ ಇನ್ವರ್ಟರ್ ರಿಪೇರಿ. ಸಂಜೆ ಭಜನೆಗೆ ಹಾರ್ಮೋನಿಯಂ. ಎರಡು ಆಸಿಲೇಟರ್ ಬಡಿದಾಡಿ ಸದ್ದು ಹೇಗೆ ಬರುತ್ತದೆ ಎಂಬುದೆಲ್ಲ ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಇಷ್ಟು ಸಾಕು: ಆಸಿಲೇಟರ್ ಅಂದರೆ ಕಂಪನ ಹುಟ್ಟಿಸುವ ಸರ್ಕ್ಯೂಟು, ಕೈ ಹತ್ತಿರ ಬಂದರೆ ಒಂದರ ಕಂಪನ ಬದಲಾಗುತ್ತದೆ, ಎರಡರ ವ್ಯತ್ಯಾಸವೇ ಕಿವಿಗೆ ಬರುವ ಸ್ವರ. ಗೊತ್ತಿಲ್ಲದವರು ಹಳೇ ಟ್ರಾನ್ಸಿಸ್ಟರಿನ ಪಕ್ಕ ಇನ್ನೊಂದು ಟ್ರಾನ್ಸಿಸ್ಟರ್ ಇಟ್ಟು ಟ್ಯೂನ್ ಮಾಡಿ ನೋಡಿ, ಆ ಕುಂಯ್‌ಗುಟ್ಟುವ ಸಿಳ್ಳೆಯೇ ಮೂಲ.

ತೆರಮಿನ್ ನುಡಿಸುವುದರಲ್ಲಿ ಹೆಸರಾದ ಕ್ಲಾರಾ ರಾಕ್‌ಮೋರ್ ನನಗೆ ಗೊತ್ತಾಗಿದ್ದೇ ತಡವಾಗಿ. 1977ರ ಅವರ ರೆಕಾರ್ಡು, ಪಿಯಾನೋದಲ್ಲಿ ಅಕ್ಕ ನಾದಿಯಾ ರೈಸೆನ್‌ಬರ್ಗ್. ರೆಕಾರ್ಡು ಮಾಡಿಸಿದವರು ಸಿಂಥಸೈಜರಿನ ರಾಬರ್ಟ್ ಮೂಗ್ ದಂಪತಿ. ಮೊದಲ ಸಲ ಕೇಳಿದಾಗ ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದಾಳೆ ಎಂದೇ ತಿಳಿದಿದ್ದೆ. 1911ರಲ್ಲಿ ವಿಲ್ನಿಯಸ್‌ನಲ್ಲಿ ಹುಟ್ಟಿದ ಹುಡುಗಿ. ಎಳೆ ವಯಸ್ಸಿಗೇ ಪೀಟರ್ಸ್‌ಬರ್ಗಿನ ಸಂಗೀತ ಶಾಲೆ ಸೇರಿ, ಲಿಯೋಪೋಲ್ಡ್ ಆವರ್ ಹತ್ತಿರ ಪಿಟೀಲು ಕಲಿತು, ಬೋ ಹಿಡಿಯುವ ಕೈ ನೋವಿಗೆ ಬಿದ್ದು ಪಿಟೀಲನ್ನೇ ಬಿಡಬೇಕಾಯಿತು. ಆಮೇಲೆ ಅಮೆರಿಕದಲ್ಲಿ ಈ ವಾದ್ಯ ಕಂಡುಹಿಡಿದ ಲಿಯೋನ್ ತೆರಮಿನ್ ಪರಿಚಯ. ಭೂತದ ಸಿನಿಮಾಕ್ಕೆ ಹೇಳಿ ಮಾಡಿಸಿದ ಸದ್ದು ಎಂದು ಜಗತ್ತು ನಕ್ಕ ವಾದ್ಯದಲ್ಲಿ ಈಕೆ ಪಿಟೀಲಿನ ಶಿಸ್ತು ತಂದರು. ತೀರಿಕೊಂಡದ್ದು 1998ರ ಮೇ 10. ಆ ದಿನಕ್ಕೆ ಒಂದು ನಮನ ಸಲ್ಲಿಸಬೇಕು, ಅದೂ ನನ್ನದೇ ಕೈಯಿಂದ ಕಟ್ಟಿದ ವಾದ್ಯದಲ್ಲಿ, ಎಂದು ತಲೆಗೆ ಹತ್ತಿತು. ಹತ್ತಿದ್ದು ಇಳಿಯಲಿಲ್ಲ.

ಮೊದಲು ಸೋತ ಕತೆ.

ಆನ್‌ಲೈನಿನಲ್ಲಿ ಸಾವಿರದ ನೂರೋ ಇನ್ನೂರೋ ಕೊಟ್ಟು ಒಂದು ಕಿಟ್ ತರಿಸಿದೆ. 4093 ಗೇಟ್ ಐಸಿ, ಚೌಕ ಅಲೆ. ಸಂಗೀತದ ಮಾತೇ ಬೇಡ, ಮಿಕ್ಸಿ ಕೆಟ್ಟ ಸದ್ದು. ಅದು ಈಗ ಮಗಳ ಗೊಂಬೆ ಡಬ್ಬದಲ್ಲಿದೆ. ಆಮೇಲೆ ಅಂಗಡಿ ಅಟ್ಟದ ಮೇಲಿದ್ದ ಸತ್ತ ರೇಡಿಯೋಗಳನ್ನು ಬಿಚ್ಚಿ ಐಎಫ್‌ಟಿ (ರೇಡಿಯೋದ ಒಳಗಿನ ಸಣ್ಣ ಟ್ಯೂನಿಂಗ್ ಕಾಯಿಲ್) ಕಿತ್ತು ಎರಡು ಆಸಿಲೇಟರ್ ಮಾಡಿದೆ. ಇದು ಹಾಡಿತು. ಆದರೆ ರಾಡಿನಿಂದ ಎರಡು ಅಡಿ ದೂರದಲ್ಲಿ ಒಂದು ಸ್ವರಕ್ಕೆ ಗೇಣು ಜಾಗ, ಹತ್ತಿರ ಬಂದರೆ ಇಡೀ ಸಪ್ತಕ ಎರಡು ಬೆರಳಿನ ಅಗಲದಲ್ಲಿ. ಆಂಟೆನಾಕ್ಕೆ ಸರಣಿಯಲ್ಲಿ ಕಾಯಿಲ್ ಹಾಕಿದ ಮೇಲೆ ಸ್ವರಗಳು ಸುಮಾರಾಗಿ ಸಮ ದೂರಕ್ಕೆ ಬಂದವು. ಎಷ್ಟು ಸುತ್ತು, ಯಾವ ಗೇಜು ಎಂದು ಮಾತ್ರ ಕೇಳಬೇಡಿ. ಆ ಕಾಯಿಲಿಗೆ ಎರಡು ಮಳೆಗಾಲ ಹೋಗಿದೆ, ಅಷ್ಟು ಸಲೀಸಾಗಿ ಕೊಡುವುದಿಲ್ಲ.

ಮೊದಲ ನಮನ ಮೂರು ವರ್ಷದ ಹಿಂದೆ. ಸಂಜೆ ನಾಲ್ಕಕ್ಕೆ ಶ್ರುತಿ ಮಾಡಿಟ್ಟೆ, ಆರೂವರೆಗೆ ಶುರು. ಅಷ್ಟರೊಳಗೆ ಒಂದು ಅಡ್ಡಮಳೆ ಹೊಡೆದು ಹವೆ ತಂಪಾಯಿತು. ಷಡ್ಜ ಎಂದು ಕೈಯಿಟ್ಟರೆ ಗಾಂಧಾರ. ಶ್ರುತಿಯ ಗುಬ್ಬಿ (ನಾಬ್) ತಿರುವಿ ಸರಿ ಮಾಡುವಷ್ಟರಲ್ಲಿ ಮಧ್ಯಮ. ತಬಲಾದ ಗೆಳೆಯ ಸುತ್ತಿಗೆ ಕೆಳಗಿಟ್ಟು ಸುಮ್ಮನೆ ಕೂತ. ಇಪ್ಪತ್ತು ನಿಮಿಷಕ್ಕೆ ಮುಗಿಸಿ ಎಲ್ಲರಿಗೂ ಪಾನಕ ಕೊಟ್ಟೆವು.

ಮಾರನೇ ವರ್ಷ ಘಟ್ಟದ ಮೇಲಿನ ಹವೆಯೇ ಬೇಡ ಎಂದು ಕಾರವಾರಕ್ಕೆ ಹೊತ್ತುಕೊಂಡು ಹೋದೆ. ಚಿಕ್ಕಪ್ಪನ ಮಗನ ಮನೆ ತಾರಸಿ, ಎದುರಿಗೇ ಸಮುದ್ರ. ದೇವಿಮನೆ ಘಟ್ಟ ಇಳಿಯುವಾಗಿನ ಕುಲುಕಾಟಕ್ಕೆ ಒಂದು ಬೆಸುಗೆ ಬಿಟ್ಟಿತ್ತು, ಅದು ಅಂಕೋಲಾದಲ್ಲಿ ಚಾ ಕುಡಿಯುವಾಗ ಗೊತ್ತಾಯಿತು. ಅದನ್ನೇನೋ ಬೆಸೆದೆ. ಆದರೆ ಸಮುದ್ರದ ಗಾಳಿ ಬೇರೆಯೇ ಕತೆ. ಆಂಟೆನಾ ರಾಡಿನ ಬುಡಕ್ಕೆ ಪಿವಿಸಿ ಪೈಪಿನ ತುಂಡು ಹಾಕಿದ್ದೆ. ಅದರ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪಸೆ ಕೂತು ಸಿಗ್ನಲ್ ಸೋರತೊಡಗಿತು. ಎರಡಡಿ ಇದ್ದ ನುಡಿಸುವ ಜಾಗ ಅರ್ಧ ತಾಸಿನಲ್ಲಿ ಅಂಗೈ ಅಗಲಕ್ಕೆ ಬಂತು. ಸ್ಪಿರಿಟ್ ಹಾಕಿ ಒರೆಸಿದರೆ ಹತ್ತು ನಿಮಿಷ ಸರಿ, ಮತ್ತೆ ಅದೇ. ನುಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಟೆಂಪೋ ಬಾಡಿಗೆ, ಸ್ಪೀಕರ್ ಬಾಡಿಗೆ, ಊಟ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಸಮುದ್ರಕ್ಕೆ ಹಾಕಿದೆ. ಮನೆಯವಳು ಏನೂ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ವಾಪಸ್ ಬಂದು ಲೆಕ್ಕಕ್ಕೆ ಕೂತೆ. ನನ್ನ ಆಸಿಲೇಟರಿನಲ್ಲಿ ಒಂದು ಪಿಕೋಫ್ಯಾರಡ್ (ಕಂಡೆನ್ಸರ್ ಅಳೆಯುವ ತೀರಾ ಸಣ್ಣ ಅಳತೆ) ಆಚೀಚೆ ಆದರೆ ಏಳೆಂಟು ನೂರು ಹರ್ಟ್ಜ್ ಓಡುತ್ತದೆ. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕರಿ ಮನೆ) ಷಡ್ಜದಿಂದ ತಾರ ಷಡ್ಜಕ್ಕೆ ಹೋಗುವುದು ಇನ್ನೂರೆಪ್ಪತ್ತು ಚಿಲ್ಲರೆ ಹರ್ಟ್ಜ್. ಅಂದರೆ ಇಡೀ ಸಪ್ತಕ ಅರ್ಧ ಪಿಕೋಫ್ಯಾರಡಿನ ಒಳಗೇ. ಹಲಸಿನ ಮರದ ಪೆಟ್ಟಿಗೆ ಆಷಾಢದಲ್ಲಿ ಕುಡಿಯುವ ನೀರೇ ಅದಕ್ಕಿಂತ ಜಾಸ್ತಿ. ಎರಡೂವರೆ ಸಾವಿರ ಕೊಟ್ಟು ಆಚಾರಿಯಿಂದ ಮಾಡಿಸಿದ ಪೆಟ್ಟಿಗೆ ಅದು, ಚಂದವೇನೋ ಚಂದ. ಅರಗಿನ ಪಾಲಿಷ್ ನಾಲ್ಕು ಕೈ ಹಾಕಿದ ಮೇಲೆ ಸ್ವಲ್ಪ ಬುದ್ಧಿ ಬಂತು.

ಆದರೆ ಕಳ್ಳ ಪೆಟ್ಟಿಗೆಯೋ, ಕಾಯಿಲೋ, ಕಂಡೆನ್ಸರೋ? ಎರಡು ಆಸಿಲೇಟರಿನಲ್ಲಿ ಓಡುತ್ತಿರುವುದು ಯಾವುದು? ಫ್ರೀಕ್ವೆನ್ಸಿ ಕೌಂಟರ್ ನನ್ನ ಹತ್ತಿರ ಇಲ್ಲ. ಇಲ್ಲಿ ನಾನು ಮಾಡಿದ ಉಪಾಯಕ್ಕೆ ಸ್ವಲ್ಪ ಜಂಬ ಪಟ್ಟುಕೊಂಡರೆ ತಪ್ಪಿಲ್ಲ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಜ್. ಅದರ ಅರ್ಧ 382.5. ಐಎಫ್‌ಟಿಗೆ ಇನ್ನಷ್ಟು ಕಂಡೆನ್ಸರ್ ಸೇರಿಸಿ ನನ್ನ ಆಸಿಲೇಟರನ್ನು ಅಲ್ಲಿಗೆ ಇಳಿಸಿದೆ. ಆಗ ಅದರ ಎರಡನೇ ಹಾರ್ಮೋನಿಕ್, ಅಂದರೆ ಎರಡು ಪಟ್ಟಿನ ಕಂಪನ, ಸೀದಾ ಧಾರವಾಡದ ಮೇಲೆ ಕೂರುತ್ತದೆ. ಪಕ್ಕದಲ್ಲಿ ಒಂದು ಮೀಡಿಯಂ ವೇವ್ ರೇಡಿಯೋದಲ್ಲಿ ಧಾರವಾಡ ಹಚ್ಚಿಟ್ಟರೆ ಸಾಕು. ಸಿಳ್ಳೆ ಇಲ್ಲ ಅಂದರೆ ಆಸಿಲೇಟರ್ ಜಾಗದಲ್ಲಿದೆ. ಸಿಳ್ಳೆ ಬಂದರೆ ಓಡಿದೆ, ಸಿಳ್ಳೆಯ ಸ್ವರದ ಅರ್ಧ ಅದರ ಓಟ. ಸ್ವರ ಎಷ್ಟೆಂದು ಹಾರ್ಮೋನಿಯಂ ಮನೆ ಒತ್ತಿ ನೋಡಿದರಾಯಿತು. ಸರ್ಕಾರ ಕಟ್ಟಿದ ಟ್ರಾನ್ಸ್‌ಮಿಟರ್, ನನಗೆ ಪುಕ್ಕಟೆ ಅಳತೆಗೋಲು.

ಒಂದೊಂದನ್ನೇ ಚಾಲೂ ಮಾಡಿ ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಟ್ಟೆ. ಗೊತ್ತಾದದ್ದು ಇಷ್ಟು: ಎರಡೂ ಓಡುತ್ತವೆ, ಆದರೆ ಬೇರೆ ಬೇರೆ ಓಡುತ್ತವೆ. ಒಂದು ಬೋರ್ಡು ಬ್ಯಾಟರಿ ಪಕ್ಕ, ಇನ್ನೊಂದು ಪೆಟ್ಟಿಗೆಯ ಆ ತುದಿಗೆ. ಒಂದಕ್ಕೆ ಬಿಸಿ, ಒಂದಕ್ಕೆ ತಂಪು. ಜೊತೆಯಾಗಿ ಓಡಿದ್ದರೆ ವ್ಯತ್ಯಾಸ ಅಷ್ಟೇ ಉಳಿಯುತ್ತಿತ್ತು, ಕಿವಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹಾಗಾದರೆ ಎರಡನ್ನೂ ಪಕ್ಕಪಕ್ಕ ಇಡು ಎನ್ನುತ್ತೀರಿ. ಇಟ್ಟೆ. ಆಗ ಮಂದ್ರ ಹೋಯಿತು. ಹತ್ತಿರ ಇಟ್ಟ ಎರಡು ಆಸಿಲೇಟರು ಒಂದನ್ನೊಂದು ಎಳೆದುಕೊಂಡು ಅಂಟಿಬಿಡುತ್ತವೆ, ಸ್ವರ ಇಳಿಸುತ್ತ ಬಂದರೆ ನೂರು ಹರ್ಟ್ಜ್ ಆಸುಪಾಸಿನಲ್ಲಿ ಗಪ್. ದೂರ ಇಟ್ಟರೆ ಶ್ರುತಿ ನಿಲ್ಲದು, ಹತ್ತಿರ ಇಟ್ಟರೆ ಮಂದ್ರ ಸಿಗದು. ಎಲ್ಲರೂ ಕೈಬಿಡುವುದು ಇಲ್ಲಿಯೇ. ತಿಳಿದವರೊಬ್ಬರು, ಹೆಸರು ಬೇಡ, "ಇದಕ್ಕೆಲ್ಲ ಈಗ ಮೈಕ್ರೋಕಂಟ್ರೋಲರ್ ಬಂದಿದೆ, ಅದನ್ನೇ ಹಾಕು" ಎಂದರು. ಹಾಕಬಹುದಿತ್ತು. ಕ್ಲಾರಾಗೆ ನಮನ ಎಂದು ಹೇಳಿ ಅದನ್ನು ಹಾಕಲು ಮನಸ್ಸಾಗಲಿಲ್ಲ.

ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆಯಾದ ಮನೆ ನೋಡಿದ್ದೀರಲ್ಲ. ಸೂರು ಒಂದೇ, ನಡುವೆ ಒಂದು ಗೋಡೆ, ಒಲೆ ಎರಡು. ಅದನ್ನೇ ಮಾಡಿದೆ. ಒಂದು ದೊಡ್ಡ ಬಿಸ್ಕತ್ತಿನ ತಗಡಿನ ಡಬ್ಬ. ನಡುವೆ ತಾಮ್ರದ ತಗಡು, ಸುತ್ತಲೂ ಡಬ್ಬಕ್ಕೇ ಬೆಸುಗೆ, ಒಂದು ಸೂಜಿಯಷ್ಟೂ ಸಂದು ಬಿಡದೆ. ಆ ಕಡೆ ಒಂದು, ಈ ಕಡೆ ಒಂದು ಬೋರ್ಡು. ಒಂದೊಂದಕ್ಕೂ ಬೇರೆ ರೆಗ್ಯುಲೇಟರ್. ಕಾಯಿಲು ಒಂದೇ ಬ್ಯಾಚಿನ ಎರಡು ರೇಡಿಯೋದಿಂದ ತೆಗೆದ ಜೋಡಿ. ಐಎಫ್‌ಟಿ ಬುಡದಲ್ಲಿರುವ ಸಣ್ಣ ಕಂಡೆನ್ಸರನ್ನು ಒಡೆದು ತೆಗೆದು ಹೊರಗಿನಿಂದ ಸ್ಟೈರೋಫ್ಲೆಕ್ಸ್ ಕಂಡೆನ್ಸರ್. ಸಿಗ್ನಲ್ಲಿಗೆ ಎರಡು ಮನೆ, ಬಿಸಿಗೆ ಒಂದೇ ಮನೆ. ತಾಮ್ರ ಬಿಸಿಯನ್ನು ಹಂಚುತ್ತದೆ, ಸಿಗ್ನಲನ್ನು ತಡೆಯುತ್ತದೆ.

ಡಬ್ಬ ಯಾವಾಗಲೂ ಹೊರಗಿನ ಹವೆಗಿಂತ ಒಂದು ಕೈ ಬೆಚ್ಚಗಿದ್ದರೆ ಪಸೆ ಕೂರುವುದಿಲ್ಲ. ಅದಕ್ಕೆ ಕೆಳಗೆ ಜೀರೋ ಬಲ್ಬು ಹಚ್ಚಿದೆ. ಸ್ವರಕ್ಕೆ ಐವತ್ತು ಹರ್ಟ್ಜಿನ ಗೊರಗೊರ ಸೇರಿತು, ಅಜ್ಜನಿಗೆ ಕಫ ಕಟ್ಟಿದ ಹಾಗೆ. ಮೂರು ದಿನ ಆಂಪ್ಲಿಫೈಯರ್ ಬೈದುಕೊಂಡೆ. ಕೊನೆಗೆ ಬಲ್ಬ್ ಆರಿಸಿದಾಗ ಗೊರಗೊರ ನಿಂತಿತು. ಈಗ ಅಲ್ಲಿ ಬೈಕಿನ ಇಂಡಿಕೇಟರ್ ಬಲ್ಬು, 12 ವೋಲ್ಟಿನದು, ಬ್ಯಾಟರಿಯಲ್ಲೇ ಉರಿಯುತ್ತದೆ. ನುಡಿಸುವುದಕ್ಕೆ ಒಂದೂವರೆ ತಾಸು ಮೊದಲೇ ಹಚ್ಚಿಡಬೇಕು. ಅವಸರ ಮಾಡಿದರೆ ಕೆಟ್ಟಿರಿ.

ಕಾಯಿಲುಗಳನ್ನು ಮೇಣದಲ್ಲಿ ಅದ್ದಿದೆ. ಮೊದಲು ಮೇಣದಬತ್ತಿ ಕರಗಿಸಿ ಹಾಕಿ ಮೋಸಹೋದೆ, ತಣಿದ ಮೇಲೆ ಬಿರುಕು ಬಿಟ್ಟು ಒಳಗೆ ನೀರು ಹಿಡಿಯಿತು. ಆಮೇಲೆ ಊರಿನ ಜೇನುಮೇಣ, ಅದಕ್ಕೆ ಸ್ವಲ್ಪ ರಾಳ. ಎಷ್ಟಕ್ಕೆ ಎಷ್ಟು ಎಂಬುದು ಜೇನು ಕೊಟ್ಟ ಗೆಳೆಯನಿಗೂ ಹೇಳಿಲ್ಲ. ಆಂಟೆನಾ ಬುಡಕ್ಕೆ ಪಿವಿಸಿ ಬಿಟ್ಟು ಅಕ್ರಿಲಿಕ್ ದಿಂಡು, ಅದರ ಮೇಲೆ ಪ್ಲಂಬರ್‌ಗಳ ಟೆಫ್ಲಾನ್ ಟೇಪು, ಅದಕ್ಕೂ ಕೊಡೆಯ ಹಾಗೆ ಒಂದು ಅಂಚು, ನೀರಿನ ಪಸೆ ಒಂದೇ ಸಮನೆ ಕೆಳಗೆ ಹರಿಯದ ಹಾಗೆ. ಅರ್ಥಿಂಗಿಗೆ ತುಳಸಿಕಟ್ಟೆ ಬುಡದಲ್ಲಿ ಮೂರಡಿ ತಾಮ್ರದ ರಾಡು. ಮೇ ತಿಂಗಳಲ್ಲಿ ನಮ್ಮ ಚಿರೇಕಲ್ಲಿನ ನೆಲ ಎಲ್ಲಿ ಹೊಡೆದರೂ ಒಣಕಲು, ದಿನಾ ನೀರು ಬೀಳುವ ಜಾಗ ಅದೊಂದೇ. ಅರ್ಥಿಂಗ್ ಇಲ್ಲದೆ ಬ್ಯಾಟರಿಯಲ್ಲಿ ನುಡಿಸಲು ಹೋದವರಿಗೆ ಗೊತ್ತು, ಕಾಲು ಮಡಚಿದರೂ ಸ್ವರ ಜಾರುತ್ತದೆ.

ಒಟ್ಟು ಖರ್ಚು ನೆನಪಿನ ಮೇಲೆ ಹದಿನೇಳು ಹದಿನೆಂಟು ಸಾವಿರ. ಅದರಲ್ಲಿ ಈಗ ವಾದ್ಯದಲ್ಲಿ ಇರುವುದು ಹೆಚ್ಚೆಂದರೆ ಏಳು. ಉಳಿದದ್ದು ಕಲಿತ ಫೀಸು.

ಇದರ ನಡುವೆ ಬೇರೆ ಆಟಗಳೂ ಆದವು. ಭಾವ ಒಂದು ದಿನ, "ನಿನ್ನ ಸಂಗೀತ ಹಾಂಗಿರ್ಲಿ, ಇದ್ನ ಮಂಗ ಓಡ್ಸಲಾದ್ರೂ ಬತ್ತನ ನೋಡು" ಎಂದ. ತೋಟದ ಬೇಲಿಗುಂಟ ಆಂಟೆನಾ ಬದಲು ಉದ್ದ ತಂತಿ ಎಳೆದೆ. ಮಂಗ ಹತ್ತಿರ ಬಂದರೆ ಊಳು ಏರುತ್ತದೆ, ದೂರ ಹೋದರೆ ಇಳಿಯುತ್ತದೆ. ಮೊದಲ ಎರಡು ದಿನ ಒಂದೂ ಬರಲಿಲ್ಲ. ಮೂರನೇ ದಿನ ಒಂದು ಮರಿ ತಂತಿಯ ಹತ್ತಿರ ಕೈ ಆಡಿಸಿ ಆಡಿಸಿ ಸದ್ದು ಕೇಳುತ್ತಿತ್ತು. ನನಗಿಂತ ಚೆನ್ನಾಗಿ ನುಡಿಸುತ್ತಿತ್ತು ಎಂದು ಭಾವ ಊರೆಲ್ಲ ಹೇಳಿದ್ದಾನೆ.

ಇನ್ನೊಂದು ಅಡಿಕೆಯದು. ಒಂದೇ ತೂಕದ ಹಸಿ ಅಡಿಕೆ ಮತ್ತು ಒಣ ಚಾಲಿಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ರಾಡಿನ ಪಕ್ಕ ಅದೇ ಜಾಗದಲ್ಲಿ ಇಟ್ಟೆ. ಸ್ವರ ಬೇರೆ ಬಂತು, ಹಸಿಯದು ಮೇಲೆ. ದಿನಾ ಒಣಗಿದ ಹಾಗೆ ಸ್ವರ ಇಳಿಯುತ್ತ ಬರುತ್ತದೆ. ತೆರಮಿನ್ ಮಹಾಶಯ 1920ರ ಸುಮಾರಿಗೆ ಅನಿಲಗಳ ಗುಣ ಅಳೆಯುವ ಯಂತ್ರ ಮಾಡಲು ಹೋಗಿಯೇ ಈ ಸದ್ದು ಕಂಡುಕೊಂಡದ್ದು, ನಾನು ಅದನ್ನು ವಾಪಸ್ ಅಳತೆಗೆ ತಂದೆ ಅಷ್ಟೆ. ಅಡಿಕೆ ಎಷ್ಟು ಒಣಗಿದೆ ಎಂದು ಕಿವಿಯಲ್ಲಿ ಕೇಳಿ ಹೇಳಬಹುದು. ಹಲ್ಲಿನಲ್ಲಿ ಕಚ್ಚಿ ನೋಡುವ ವ್ಯಾಪಾರಿಗೆ ಇದನ್ನು ಯಾರು ಒಪ್ಪಿಸುತ್ತಾರೆ? ಬಿಟ್ಟೆ.

ವಾದ್ಯವೇನೋ ಆಯಿತು, ಕೈ? ಹಾರ್ಮೋನಿಯಂ ಕೈಗೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಗೊತ್ತಿಲ್ಲ, ತೆರಮಿನ್ನಿಗೆ ಮೀಂಡ್ ಬಿಟ್ಟು ಬೇರೆ ಗೊತ್ತಿಲ್ಲ. ಕ್ಲಾರಾ ತೋಳನ್ನು ಎಳೆದಾಡುವುದಿಲ್ಲ. ತೋಳು ಒಂದು ಕಡೆ ನಿಂತಿರುತ್ತದೆ, ಬೆರಳು ಬಿಚ್ಚುತ್ತ ಮಡಚುತ್ತ ಗಾಳಿಯಲ್ಲೇ ಮನೆ ಹುಡುಕುತ್ತವೆ, ಪಿಟೀಲಿನ ಬೆರಳುಗಾರಿಕೆಯ ಹಾಗೆ. ಎಡಗೈ ನಡುವೆ ಸದ್ದನ್ನು ಕತ್ತರಿಸುತ್ತದೆ, ಅದಕ್ಕೇ ಆಕೆಯ ಸ್ವರ ಜಾರದೆ ಬಿಡಿಬಿಡಿಯಾಗಿ ಬರುವುದು. ಅವರಿಗಾಗಿ ತೆರಮಿನ್ ಬೇರೆ ವಾದ್ಯವನ್ನೇ ಕಟ್ಟಿಕೊಟ್ಟಿದ್ದ: ಮೂರು ಸಪ್ತಕದ ಬದಲು ಐದು, ಎಡಗೈಗೆ ಚುರುಕು ಹೆಚ್ಚು, ನುಡಿಸುವವರು ಕಾಣಲೆಂದು ಪೆಟ್ಟಿಗೆ ಗಿಡ್ಡ. ನಾನು ವಾಲ್ಯೂಮಿಗೆ ಮೊದಲು ಎಲ್‌ಇಡಿ ಎದುರು ಎಲ್‌ಡಿಆರ್ (ಬೆಳಕಿಗೆ ಬದಲಾಗುವ ರೆಸಿಸ್ಟರ್) ಇಟ್ಟಿದ್ದೆ, ಅದು ಎಚ್ಚರಾಗುವಷ್ಟರಲ್ಲಿ ಸ್ವರ ಮುಗಿದಿರುತ್ತಿತ್ತು. ಎಲ್‌ಎಂ 13700 ಐಸಿ ಹಾಕಿದ ದಿನ ಎಡಗೈಗೆ ಜೀವ ಬಂತು.

ಮುಷ್ಟಿ ಷಡ್ಜ, ಕಿರುಬೆರಳು ಬಿಚ್ಚಿದರೆ ಋಷಭ, ಹೀಗೆ ನನ್ನದೇ ಒಂದು ಪಾಠ ಮಾಡಿಕೊಂಡೆ. ಭೂಪಾಲಿಯಿಂದ ಶುರು, ಐದೇ ಸ್ವರ, ಸುಲಭ ಎಂದು. ತಪ್ಪು ಲೆಕ್ಕ. ಸ್ವರ ಕಡಿಮೆ ಇದ್ದರೆ ಹಾರುವುದು ದೂರ, ಗಾಳಿಯಲ್ಲಿ ದೂರ ಹಾರುವುದೇ ಕಷ್ಟ. ಆರು ತಿಂಗಳು ಕಳೆದ ಮೇಲೆ ಪೂರಿಯಾ ಧನಾಶ್ರೀ ಹಿಡಿದೆ. ಕೋಮಲ ಋಷಭ, ತೀವ್ರ ಮಧ್ಯಮ, ಕೋಮಲ ಧೈವತ, ಎಲ್ಲ ಒತ್ತೊತ್ತಾಗಿ, ಒಂದರಿಂದ ಒಂದಕ್ಕೆ ಹರಿದು ಹೋಗುವಂಥವು. ಸಂಧ್ಯಾಕಾಲಕ್ಕೂ ಹೊಂದಿತು. ವಾಲ್ಯೂಮಿಗೆ ಮೊದಲಿನ ಸಿಗ್ನಲನ್ನು ಒಂದು ಕಿವಿಗೆ ಇಯರ್‌ಫೋನಿನಲ್ಲಿ ತಂದೆ. ಜನ ಕೇಳುವ ಮೊದಲೇ ಷಡ್ಜ ನನಗೆ ಕೇಳುತ್ತದೆ. ಮೋಸ ಎನ್ನುವವರು ಎನ್ನಲಿ.

ನಿಂತೇ ನುಡಿಸಬೇಕು ಎಂದವರಿದ್ದರು. ಕ್ಲಾರಾ ಕಂಬದ ಹಾಗೆ ನಿಲ್ಲುತ್ತಿದ್ದರು, ಉಸಿರಿಗೂ ಮೈ ಆಡದು. ನನಗೆ ಆ ಸಾಧನೆ ಇಲ್ಲ, ನಿಂತರೆ ಬೆನ್ನು ತೂಗುತ್ತದೆ. ಪೆಟ್ಟಿಗೆಯನ್ನು ಮಣೆ ಎತ್ತರಕ್ಕೆ ಇಳಿಸಿ ಚಕ್ಕಳಮಕ್ಕಳ ಕೂತೆ. ನಾನು ಕೂತ ಮೇಲೆಯೇ ಸ್ವರ ನಿಂತದ್ದು.

ಕ್ಲಾರಾ ಜೊತೆ ಅಕ್ಕ ಇದ್ದ ಹಾಗೆ ನನ್ನ ಜೊತೆ ತಂಗಿ, ಹಾರ್ಮೋನಿಯಂಗೆ. ಕುಮಟಾಕ್ಕೆ ಕೊಟ್ಟದ್ದು, ಎರಡು ದಿನ ಮೊದಲೇ ಬಂದಿದ್ದಳು. ತಾಲೀಮಿನಲ್ಲಿ ನನ್ನ ಷಡ್ಜ ಅಲೆಯುತ್ತಿತ್ತು, ತಾಳ ಹಿಡಿದ ಹಾಗೆ. ವೈರ್ ಎಲ್ಲ ತಡಕಿ ನೋಡಿದೆ. ಅವಳೇ ಕಂಡುಹಿಡಿದಳು: "ಅಣ್ಣಯ್ಯಾ, ಆನು ಗಾಳಿ ಹಾಕಿದಂಗೆಲ್ಲ ನಿನ್ನ ಸ್ವರ ನಡಗ್ತು ನೋಡು." ಅವಳ ಎಡಗೈ, ಕೈತುಂಬ ಬಳೆ, ಆಂಟೆನಾದ ಪಕ್ಕದಲ್ಲೇ ಹಿಂದೆ ಮುಂದೆ ಆಡುತ್ತಿತ್ತು. ಅವಳನ್ನು ಆ ಬದಿಗೆ ಆರಡಿ ದೂರ ಕೂರಿಸಿದೆ. ಜನರಿಗೂ ಜಗಲಿಯಲ್ಲಿ ಸುಣ್ಣದ ಗೆರೆ ಎಳೆದೆ, ಯಕ್ಷಗಾನದ ರಂಗಸ್ಥಳದ ಹಾಗೆ.

ಮೊದಲು ಸ್ಯಾಂ-ಸಾನ್ಸ್ 1886ರಲ್ಲಿ ಚೆಲ್ಲೋಗೆ ಬರೆದ ಹಂಸ, ಕ್ಲಾರಾ ಆ ರೆಕಾರ್ಡಿನಲ್ಲಿ ನುಡಿಸಿದ್ದು. ತಂಗಿ ಅದನ್ನು ನಮ್ಮ ಲಿಪಿಯಲ್ಲಿ ಬರೆದಿದ್ದಳು: ತಾರ ಷಡ್ಜ, ನಿ, ಗ, ಧ, ಪ, ಕೆಳಗೆ ಸ. ಬಿಲಾವಲಿನ ಸ್ವರಗಳೇ, ಆದರೆ ನಿಷಾದದಿಂದ ಗಾಂಧಾರಕ್ಕೆ ಧುಮುಕುವಾಗ ನನಗೆ ಇಂದಿಗೂ ಹೊಟ್ಟೆಯಲ್ಲಿ ಕಲಕುತ್ತದೆ. ಆ ದಿನ ಸ್ವಲ್ಪ ಕೆಳಗೆ ಬಿದ್ದೆ, ಎಳೆದು ಸೇರಿಸಿದೆ. ಆಮೇಲೆ ಪೂರಿಯಾ ಧನಾಶ್ರೀ. ಆಲಾಪ ಪಂಚಮಕ್ಕೆ ಬರುವ ಹೊತ್ತಿಗೆ ಗುಡುಗಿತು, ಚಪ್ಪರದ ಸೋಗೆ ಮೇಲೆ ದಪ್ಪ ಹನಿ, ಕರೆಂಟ್ ಫಟ್. ಅಂಗಳದಲ್ಲಿದ್ದ ಮೂವತ್ತು ನಲವತ್ತು ಜನ ಒಮ್ಮೆಗೇ ಜಗಲಿ ಏರಿದರು. ಮೈಯೆಲ್ಲ ಬೆವರಿತು ನನಗೆ. ಅಷ್ಟು ಮೈ ಹತ್ತಿರ ಬಂದರೆ ಸ್ವರ ಏರಲೇಬೇಕು. ಏರಿತು, ಒಂದು ಶ್ರುತಿಯಷ್ಟು. ಎಡಗೈಯಲ್ಲಿ ಸದ್ದು ಮುಚ್ಚಿ, ಗುಬ್ಬಿಯನ್ನು ಕೂದಲೆಳೆಯಷ್ಟು ತಿರುವಿ, ಇಯರ್‌ಫೋನಿನಲ್ಲಿ ಷಡ್ಜ ನೋಡಿಕೊಂಡು ಮತ್ತೆ ತೆರೆದೆ. ಗೆರೆಯನ್ನು ಯಾರೂ ದಾಟಲಿಲ್ಲ. ಸ್ಪೀಕರ್ ಸಹ ಬ್ಯಾಟರಿಯದೇ. ಕತ್ತಲಲ್ಲಿ ಡಬ್ಬದ ಸಂದಿನಿಂದ ಇಂಡಿಕೇಟರ್ ಬಲ್ಬಿನ ಕೆಂಪು ಬೆಳಕು, ಅಷ್ಟೇ. ತಬಲಾದವ ಈ ಸಲ ಸುತ್ತಿಗೆ ಕೆಳಗಿಡಲಿಲ್ಲ. ಮುಗಿದ ಮೇಲೆ ಊರಿನ ಹಿರಿಯ ಭಾಗವತರೊಬ್ಬರು "ಅಡ್ಡಿಲ್ಲೆ" ಎಂದರು. ನಮ್ಮ ಕಡೆಯವರಿಗೆ ಇದರ ಬೆಲೆ ಗೊತ್ತು.

ಎಲ್ಲ ಹೋದ ಮೇಲೆ ಚಟ ತಡೆಯದೆ ರೇಡಿಯೋ ತಂದು ಪಕ್ಕದಲ್ಲಿಟ್ಟು ಧಾರವಾಡ ಹಚ್ಚಿದೆ. ಸಂಜೆ ನಾಲ್ಕಕ್ಕೆ ಸೊನ್ನೆ ಮಾಡಿಟ್ಟಿದ್ದು. ಈಗ ಸಿಳ್ಳೆ ಇಲ್ಲ, ವಾರ್ತೆ ಓದುವವರ ದನಿಯ ಕೆಳಗೆ ಪಾರಿವಾಳದ ಹಾಗೆ ಒಂದು ಗುಟುರು, ಸೆಕೆಂಡಿಗೆ ಇಪ್ಪತ್ತೋ ಇಪ್ಪತ್ತೈದೋ. ಅಂದರೆ ಐದು ತಾಸಿಗೆ, ಒಂದು ಮಳೆಗೆ, ಹತ್ತು ಹನ್ನೆರಡು ಹರ್ಟ್ಜ್, ಅದೂ ಇನ್ನೊಂದು ಜೊತೆಗೇ ಓಡಿದ್ದರಿಂದ ಕಿವಿಗೆ ಬಾರದ್ದು. ಹಾಳೆ ಹುಡುಕಿ ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ತಂಗಿ ಕೂಗಿದಳು:

"ಅಣ್ಣಯ್ಯಾ, ಆ ರೇಡಿಯೋ ಬಂದ್ ಮಾಡು, ಬಾಳೆ ಹಾಕಿದ್ದು."